ಬಿದ್ದ ಮೇಲೆ ಏನು?

ಸಾಫ್ಟ್‌ವೇರ್ ಕೆಲಸದಲ್ಲಿರೋ ನಮಗೆಲ್ಲ ಮರ್ಫಿಯ ನಿಯಮ ಬಾಯಿಪಾಠ. ಕೆಡೋದಕ್ಕೆ ಒಂದು ದಾರಿ ಇದ್ದರೆ ಅದು ಯಾವತ್ತಾದರೂ ಕೆಟ್ಟೇ ಕೆಡುತ್ತೆ. ಶುಕ್ರವಾರ ಸಂಜೆ ಸರ್ವರ್ ಮಲಗಿದಾಗ ಯಾರಾದರೊಬ್ಬರು ಈ ಮಾತು ಹೇಳಿ ನಗೋದು ವಾಡಿಕೆ. ಆದರೆ ಮರ್ಫಿ ನಿಜಕ್ಕೂ ಇದ್ದ ಮನುಷ್ಯ, ಅಮೆರಿಕದ ವಾಯುಪಡೆಯ ಎಂಜಿನಿಯರ್ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. 1949ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಇವತ್ತು ಎಡ್ವರ್ಡ್ಸ್ ಅಂತ ಕರೆಯೋ ವಾಯುನೆಲೆಯಲ್ಲಿ, ಹಳಿ ಮೇಲೆ ಓಡೋ ಒಂದು ರಾಕೆಟ್ ಬಂಡಿಯ ಪ್ರಯೋಗ ನಡೀತಿತ್ತು. ಬಂಡಿ ಗಕ್ಕನೆ ನಿಂತಾಗ ಕೂತವರ ಮೈಗೆ ಎಷ್ಟು ಜೋರು ಬೀಳುತ್ತೆ ಅಂತ ಅಳೆಯೋಕೆ ಮರ್ಫಿ ಸೆನ್ಸರ್‌ಗಳನ್ನು ತಂದಿದ್ದ. ಅವುಗಳ ವೈರುಗಳನ್ನು ಉಲ್ಟಾ ಜೋಡಿಸಿದ್ದರಿಂದ ಅಳತೆ ಸೊನ್ನೆ ಬಂತು. ಆ ಸಿಟ್ಟಿನಲ್ಲಿ, ಆ ತಂಡದ ಮಾತುಕತೆಯಲ್ಲಿ ಹುಟ್ಟಿದ್ದೇ ಈ ನಿಯಮ.

ಗಾದೆ ಜಗತ್ತೆಲ್ಲ ಸುತ್ತಿತು. ಅವರು ಅಲ್ಲಿ ಏನು ಹುಡುಕ್ತಿದ್ದರು ಅನ್ನೋದು ಅಷ್ಟಾಗಿ ಸುತ್ತಲಿಲ್ಲ. ಅವರ ಪ್ರಶ್ನೆ ಸರಳವಾಗಿತ್ತು: ವಿಮಾನ ಬಿದ್ದೇಬಿಟ್ಟರೆ, ಒಳಗಿರೋ ಮನುಷ್ಯನ ಮೈ ಎಷ್ಟು ತಡೆದುಕೊಳ್ಳುತ್ತೆ?

ಇವತ್ತು ಇದು ಯಾರಾದರೂ ಕೇಳಬಹುದಾದ ಪ್ರಶ್ನೆ ಅನ್ನಿಸುತ್ತೆ. ಆದರೆ ವಿಮಾನ ಹುಟ್ಟಿದ ಮೊದಲ ಮೂರ್ನಾಲ್ಕು ದಶಕ ಇದನ್ನು ಹೆಚ್ಚು ಜನ ಕೇಳಲಿಲ್ಲ. ಸುರಕ್ಷತೆ ಅಂದರೆ ವಿಮಾನ ಬೀಳದ ಹಾಗೆ ನೋಡಿಕೊಳ್ಳೋದು, ಅಷ್ಟೇ. ಗಟ್ಟಿ ರೆಕ್ಕೆ, ಒಳ್ಳೆ ಎಂಜಿನ್, ಚೆನ್ನಾಗಿ ಕಲಿತ ಪೈಲಟ್. ಇಷ್ಟೆಲ್ಲ ಇದ್ದೂ ಬಿದ್ದರೆ ಅವನ ಹಣೆಬರಹ. ಬದುಕಿದವನನ್ನು ಪವಾಡ ಅಂದರು, ಸತ್ತವನನ್ನು ವಿಧಿ ಅಂದರು. ಎರಡರಲ್ಲೂ ಮುಂದಕ್ಕೆ ವಿಚಾರ ಮಾಡೋಕೆ ಜಾಗವೇ ಇರಲಿಲ್ಲ.

ಈ ಹಣೆಬರಹದ ಮಾತನ್ನು ಒಪ್ಪದೆ ಹೋದವನು ಹ್ಯೂ ಡಿಹೇವನ್. ಅಮೆರಿಕದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಕೆನಡಾಕ್ಕೆ ಹೋಗಿ ಬ್ರಿಟಿಷರ ರಾಯಲ್ ಫ್ಲೈಯಿಂಗ್ ಕಾರ್ಪ್ಸ್ ಸೇರಿದ. 1917ರಲ್ಲಿ ತರಬೇತಿ ನಡೀತಿದ್ದಾಗ ಅವನ ವಿಮಾನ ಇನ್ನೊಂದು ವಿಮಾನಕ್ಕೆ ಗಾಳಿಯಲ್ಲೇ ಡಿಕ್ಕಿ ಹೊಡೆದು ನೆಲಕ್ಕೆ ಬಿತ್ತು. ಮರದ ಕಡ್ಡಿ, ಬಟ್ಟೆ, ತಂತಿಯಿಂದ ಮಾಡಿದ ಆ ಕಾಲದ ವಿಮಾನ ಬಿದ್ದರೆ ಉಳಿಯೋದು ಏನು? ಆದರೂ ಡಿಹೇವನ್ ಬದುಕಿದ. ಪಿತ್ತಜನಕಾಂಗ, ಪಿತ್ತಕೋಶ, ಮೇದೋಜೀರಕ ಎಲ್ಲ ಹರಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಮಲಗಿದ್ದಾಗ ಅವನಿಗೆ ಎರಡು ವಿಷಯ ಹೊಳೆದವು. ಒಂದು, ಅವನ ಹೊಟ್ಟೆಗಾದ ಗಾಯ ಬಿದ್ದಿದ್ದರಿಂದ ನೇರವಾಗಿ ಆಗಿದ್ದಲ್ಲ, ಸೊಂಟಕ್ಕೆ ಕಟ್ಟಿದ್ದ ಬೆಲ್ಟಿನ ಬಕಲ್ಲಿನಿಂದ ಆಗಿದ್ದು. ಆ ಬಕಲ್ ಮುಂದಕ್ಕೆ ಚೂಪಾಗಿ ಚಾಚಿಕೊಂಡಿತ್ತು, ಮೈ ಮಡಚಿದಾಗ ಒಳಕ್ಕೆ ಒತ್ತಿತು. ಎರಡು, ವಿಮಾನದ ಉಳಿದ ಭಾಗ ಚೂರಾಗಿದ್ದರೂ ಅವನು ಕೂತಿದ್ದ ಜಾಗ ಹೆಚ್ಚುಕಮ್ಮಿ ಹಾಗೇ ಉಳಿದಿತ್ತು. ಹಾಗಾದರೆ ತನ್ನನ್ನು ಉಳಿಸಿದ್ದೂ ವಿಮಾನದ ಕಟ್ಟುವಿಕೆ, ಸಾಯೋ ಹಾಗೆ ಮಾಡಿದ್ದೂ ವಿಮಾನದ ಕಟ್ಟುವಿಕೆ. ದೇವರೂ ಇಲ್ಲ, ವಿಧಿಯೂ ಇಲ್ಲ. ಬಕಲ್ಲನ್ನು ಯಾರೋ ಕೂತು ಡಿಸೈನ್ ಮಾಡಿದ್ದರು. ಬೇರೆ ಥರ ಮಾಡಬಹುದಿತ್ತು.

ಈ ಮಾತನ್ನು ಅವನು ಹೇಳಿಕೊಂಡಾಗ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಯುದ್ಧ ಮುಗೀತು. ಅವನು ಬೇರೆ ಬೇರೆ ಯಂತ್ರಗಳನ್ನು ಕಂಡುಹಿಡಿದು ದುಡ್ಡು ಮಾಡಿಕೊಂಡ, ಚಿಕ್ಕ ವಯಸ್ಸಿಗೇ ನಿವೃತ್ತನಾದ. 1930ರ ದಶಕದ ನಡುವಿನಲ್ಲಿ ಹಳೆ ಪ್ರಶ್ನೆಗೆ ವಾಪಸ್ ಬಂದ. ಅವನ ಹತ್ತಿರ ಲ್ಯಾಬ್ ಇರಲಿಲ್ಲ. ಮನೆಯಲ್ಲೇ ರಬ್ಬರ್ ಫೋಮ್ ಹಾಸಿ ಅದರ ಮೇಲೆ ಕೋಳಿಮೊಟ್ಟೆ ಬಿಡೋಕೆ ಶುರುಮಾಡಿದ. ಎಷ್ಟು ಎತ್ತರದಿಂದ ಬಿಟ್ಟರೆ ಒಡೆಯುತ್ತೆ, ಎಷ್ಟು ದಪ್ಪ ಹಾಸಿದರೆ ಒಡೆಯಲ್ಲ ಅಂತ ನೋಡ್ತಾ ಹೋದ. ಜೊತೆಗೆ ಪತ್ರಿಕೆಗಳಲ್ಲಿ ಎತ್ತರದ ಕಟ್ಟಡದಿಂದ ಬಿದ್ದೂ ಬದುಕಿದವರ ಸುದ್ದಿ ಬಂದರೆ ಬೆನ್ನುಹತ್ತಿ, ಬಿದ್ದ ಜಾಗವನ್ನು ಅಳೆದು ಬರೆದಿಟ್ಟ.

1942ರಲ್ಲಿ 'ವಾರ್ ಮೆಡಿಸಿನ್' ಅನ್ನೋ ಪತ್ರಿಕೆಯಲ್ಲಿ ಅವನ ಲೇಖನ ಬಂತು. 50ರಿಂದ 150 ಅಡಿ ಎತ್ತರದಿಂದ ಬಿದ್ದು ಬದುಕಿದವರ ಲೆಕ್ಕಾಚಾರ ಅದು. ಅದರಲ್ಲಿ ಒಬ್ಬ ಹೆಂಗಸು 144 ಅಡಿ ಮೇಲಿಂದ ಬಿದ್ದಿದ್ದಳು, ಕೆಳಗೆ ಇದ್ದದ್ದು ತಗಡಿನ ಒಂದು ಗಾಳಿಗೂಡು. ಆ ತಗಡು ಒಂದು ಅಡಿಗೂ ಹೆಚ್ಚು ತಗ್ಗಾಗಿತ್ತು. ಕೈಮೂಳೆಗಳು ಮುರಿದಿದ್ದವು, ಆದರೆ ಅವಳು ಎದ್ದು ಕೂತಿದ್ದಳು. ಡಿಹೇವನ್ ಇದನ್ನು ಪವಾಡ ಅನ್ನಲಿಲ್ಲ. ಆ ಒಂದು ಅಡಿ ತಗ್ಗನ್ನು ಅಳೆದ. ಮೈಯ ಅಡ್ಡಕ್ಕೆ, ಹರಡಿದ ಹಾಗೆ ಬಲ ಬಿದ್ದರೆ, ಕ್ಷಣಮಾತ್ರಕ್ಕೆ ಮನುಷ್ಯ ತನ್ನ ತೂಕದ 200 ಪಟ್ಟನ್ನೂ ತಡೆದುಕೊಳ್ಳಬಲ್ಲ ಅನ್ನೋ ತೀರ್ಮಾನಕ್ಕೆ ಬಂದ.

ಇದರ ಹಿಂದಿನ ಲೆಕ್ಕ ಪಿಯುಸಿ ಫಿಸಿಕ್ಸ್ ಅಷ್ಟೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗ್ತಿರೋ ದೇಹ 1 ಮೀಟರ್ ದೂರದಲ್ಲಿ ನಿಂತರೆ ಸರಾಸರಿ 25 ಜಿ, ಅಂದರೆ ತನ್ನ ತೂಕದ 25 ಪಟ್ಟು ಬಲ ಅದರ ಮೇಲೆ ಬೀಳುತ್ತೆ. ಅದೇ ದೇಹ 10 ಸೆಂಟಿಮೀಟರ್‌ನಲ್ಲಿ ನಿಂತರೆ 250 ಜಿ. ವೇಗ ಅದೇ, ದೇಹ ಅದೇ. ನಿಲ್ಲೋಕೆ ಎಷ್ಟು ಜಾಗ ಸಿಕ್ಕಿತು ಅನ್ನೋದೊಂದೇ ಬದಲಾಗಿದ್ದು. ವೇಗದ ವಿಷಯವೂ ಹೀಗೇ. 80ರ ಬದಲು 120ರಲ್ಲಿ ಬಡಿದರೆ ಏಟು ಒಂದೂವರೆ ಪಟ್ಟಲ್ಲ, ಎರಡು ಕಾಲು ಪಟ್ಟು. ಎಂಜಿನ್ ನಿಂತಾಗ ರನ್‌ವೇಗೆ ವಾಪಸ್ ತಿರುಗೋ ಆಸೆ ಬಿಟ್ಟು, ಎದುರಿಗಿರೋ ಹೊಲದಲ್ಲಿ, ಹಿಡಿತ ಬಿಡದೆ, ಆದಷ್ಟು ನಿಧಾನವಾಗಿ ಇಳಿಸಿ ಅಂತ ಪೈಲಟ್‌ಗಳಿಗೆ ಹೇಳಿಕೊಡೋದು ಇದಕ್ಕೇ. ಹೊಲದಲ್ಲಿ ವಿಮಾನ ಹಾಳಾಗಬಹುದು. ಹಿಡಿತ ತಪ್ಪಿ ಮೂಗು ಕೆಳಗಾಗಿ ಬಿದ್ದರೆ ಯಾವ ಲೆಕ್ಕವೂ ಉಳಿಯಲ್ಲ.

ಡಿಹೇವನ್ ಇದನ್ನೆಲ್ಲ ಎಂಜಿನಿಯರ್‌ಗಳಿಗೆ ಅರ್ಥ ಮಾಡಿಸೋಕೆ ಬಳಸಿದ ಹೋಲಿಕೆ ಸಾಮಾನು ಪ್ಯಾಕ್ ಮಾಡೋದರದ್ದು. ಹಳ್ಳಿಯಲ್ಲಿ ಬೆಳೆದವರಿಗೆ ಇದು ಥಟ್ಟನೆ ಗೊತ್ತಾಗುತ್ತೆ. ಕುಂಬಾರ ಸಂತೆಗೆ ಮಡಕೆ ಹೊರಡಿಸೋವಾಗ ಏನು ಮಾಡ್ತಾನೆ? ಗಾಡಿಯ ಕಟಕಟೆ ಬಿಚ್ಚಿಕೊಳ್ಳದ ಹಾಗೆ ಬಿಗಿ ಮಾಡ್ತಾನೆ. ಮಡಕೆ ಮಧ್ಯೆ ಹುಲ್ಲು ತುರುಕುತ್ತಾನೆ. ಒಂದೊಂದೂ ಅಲುಗಾಡದ ಹಾಗೆ ಇಡುತ್ತಾನೆ. ಮಡಕೆ ಪಕ್ಕ ಗುದ್ದಲಿಯನ್ನಂತೂ ಇಡಲ್ಲ. ಡಿಹೇವನ್ ಹೇಳಿದ್ದೂ ಇಷ್ಟೇ: ಹೊರಗಿನ ಪೆಟ್ಟಿಗೆ ಬಾಯಿ ಬಿಡಬಾರದು, ಒಳಗಿನ ವಸ್ತು ಜಾಗ ಬಿಟ್ಟು ಕದಲಬಾರದು, ಏಟನ್ನು ನುಂಗೋಕೆ ನಡುವೆ ಏನಾದರೂ ಇರಬೇಕು, ಸುತ್ತಲಿನ ಗೋಡೆಯಲ್ಲಿ ಚೂಪಾದ್ದು ಗಟ್ಟಿಯಾದ್ದು ಇರಬಾರದು. ಆ ಕಾಲದ ವಿಮಾನಗಳಲ್ಲಿ ಇದೆಲ್ಲ ತಿರುಗಮುರುಗ. ಪೈಲಟ್‌ಗೆ ಸೊಂಟಕ್ಕೆ ಮಾತ್ರ ಬೆಲ್ಟು, ತಲೆಯ ಎದುರಿಗೆ ಉಕ್ಕಿನ ಹಲಗೆ, ಹಲಗೆ ತುಂಬ ಗುಬುಟುಗಳು. ಏಟು ಬಿದ್ದಾಗ ಮೈ ಕತ್ತರಿ ಹಾಗೆ ಮಡಚಿ ತಲೆ ಹೋಗಿ ಅಲ್ಲಿಗೇ ಬಡಿಯೋದು.

1942ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಡಿಹೇವನ್‌ಗೆ ಒಂದು ಯೋಜನೆ ಸಿಕ್ಕಿತು. ಅದರ ಹೆಸರು ಕ್ರ್ಯಾಶ್ ಇಂಜುರಿ ರಿಸರ್ಚ್. ಸಣ್ಣ ವಿಮಾನ ಎಲ್ಲೇ ಬೀಳಲಿ, ಯಾಕೆ ಬಿತ್ತು ಅಂತ ಕೇಳೋರು ಬೇರೆ ಇದ್ದರು. ಇವರು ಕೇಳಿದ್ದು ಒಳಗಿದ್ದವನಿಗೆ ಏನಾಯಿತು, ಯಾವ ಗಾಯ ಯಾವ ವಸ್ತುವಿನಿಂದ ಆಯಿತು ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ಯಾಕೆ ಬಂತು ಅನ್ನೋದು ಒಂದು ಟಿಕೆಟ್. ಬಗ್ ಬಂದಾಗ ಗ್ರಾಹಕನ ದುಡ್ಡು ಯಾಕೆ ಕಳೆದುಹೋಯಿತು ಅನ್ನೋದು ಇನ್ನೊಂದು ಟಿಕೆಟ್. ಮೊದಲನೆಯದನ್ನು ಮುಚ್ಚಿದರೆ ಎರಡನೆಯದು ತಾನಾಗೇ ಮುಚ್ಚಿಕೊಳ್ಳಲ್ಲ.

ಮರ್ಫಿಯ ಸೆನ್ಸರ್ ಕಟ್ಟಿದ ಬಂಡಿ ಪ್ರಯೋಗ ಈ ಪ್ರಶ್ನೆಯ ಇನ್ನೊಂದು ಮುಖ. ಅದನ್ನು ನಡೆಸ್ತಿದ್ದವನು ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. 18 ಜಿ ದಾಟಿದರೆ ಮನುಷ್ಯ ಉಳಿಯಲ್ಲ ಅನ್ನೋ ನಂಬಿಕೆ ಆಗ ಇತ್ತು. ಸ್ಟ್ಯಾಪ್ ತಾನೇ ಬಂಡಿಯಲ್ಲಿ ಕೂತು ಅದನ್ನು ಪರೀಕ್ಷೆಗೆ ಒಡ್ಡಿದ. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದ ಹಾಲೊಮನ್ ನೆಲೆಯಲ್ಲಿ ಗಂಟೆಗೆ 632 ಮೈಲಿ ವೇಗದಿಂದ 1.4 ಸೆಕೆಂಡಿನಲ್ಲಿ ನಿಂತ. ಅವನ ಮೈ ಮೇಲೆ ಬಿದ್ದದ್ದು 46.2 ಜಿ. ಕಣ್ಣಿನೊಳಗೆಲ್ಲ ರಕ್ತ, ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ. ಆಮೇಲೆ ದೃಷ್ಟಿ ಬಂತು. ಆ ಮನುಷ್ಯ 89 ವರ್ಷ ಬದುಕಿ 1999ರಲ್ಲಿ ತೀರಿಕೊಂಡ. ಭುಜಕ್ಕೂ ಸೊಂಟಕ್ಕೂ ಸರಿಯಾಗಿ ಪಟ್ಟಿ ಕಟ್ಟಿದರೆ ಮೈ ನಾವಂದುಕೊಂಡಷ್ಟು ಮೆತ್ತಗಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಹಾಗಾದರೆ ಈ ತಿಳಿವಳಿಕೆಯನ್ನು ಮೊದಲು ಯಾರು ಬಳಸಿದರು? ದೊಡ್ಡ ವಿಮಾನದವರಲ್ಲ, ಹೊಲಕ್ಕೆ ಔಷಧಿ ಹೊಡೆಯೋ ವಿಮಾನದವರು. ಬೆಳೆ ಮೇಲೆ ಹತ್ತಡಿ ಎತ್ತರದಲ್ಲಿ ಹಾರಿ, ಕರೆಂಟ್ ತಂತಿ, ಮರ ತಪ್ಪಿಸಿಕೊಂಡು ಇಡೀ ದಿನ ಕೆಲಸ ಮಾಡೋ ಪೈಲಟ್‌ಗಳು ಅವರು. ಯಾವತ್ತಾದರೂ ಬೀಳೋದು ಅವರ ಉದ್ಯೋಗದ ಭಾಗವೇ ಆಗಿತ್ತು. ಟೆಕ್ಸಸ್‌ನಲ್ಲಿ ಫ್ರೆಡ್ ವೀಕ್ ಅನ್ನೋ ಎಂಜಿನಿಯರ್ ಈ ಕೆಲಸಕ್ಕೆಂದೇ ಎಜಿ-1 ಅನ್ನೋ ವಿಮಾನ ಡಿಸೈನ್ ಮಾಡಿದ. ಅದು 1950ರ ಕೊನೆಗೆ ಹಾರಿತು. ಬೀಳೋದು ಖಂಡಿತ ಅಂತ ಒಪ್ಪಿಕೊಂಡೇ ಅವನು ಶುರುಮಾಡಿದ್ದ, ಕಾರ್ನೆಲ್ ತಂಡದ ಸಲಹೆಯನ್ನೂ ಕೇಳಿದ್ದ. ಪೈಲಟ್ ಎತ್ತರದಲ್ಲಿ, ಹಿಂದಕ್ಕೆ ಕೂರುತ್ತಾನೆ. ಎಂಜಿನ್, ಔಷಧಿ ತೊಟ್ಟಿ ಎಲ್ಲ ಅವನ ಮುಂದೆ. ಉದ್ದನೆ ಮೂಗು ಸ್ವಲ್ಪ ಸ್ವಲ್ಪವೇ ಜಜ್ಜಿಕೊಂಡು ಏಟು ನುಂಗುತ್ತೆ. ಕೂತ ಜಾಗದ ಪಂಜರ ಮಾತ್ರ ಗಟ್ಟಿ. ಬೆಲ್ಟು, ಭುಜದ ಪಟ್ಟಿ 40 ಜಿ ತಡೆಯೋ ಹಾಗೆ. ವೀಕ್ ಮುಂದೆ ಪೈಪರ್ ಕಂಪನಿಗೆ ಹೋಗಿ ಇದೇ ದಾರಿಯಲ್ಲಿ 'ಪಾನಿ' ಅನ್ನೋ ವಿಮಾನ ಮಾಡಿದ, ಅದು ಸಾವಿರಗಟ್ಟಲೆ ತಯಾರಾಯಿತು. ಇವತ್ತಿನ ಕೃಷಿ ವಿಮಾನಗಳ ಚಿತ್ರ ನೋಡಿ, ಅದೇ ಗೂನುಬೆನ್ನು, ಅದೇ ಉದ್ದ ಮೂಗು.

ಉಳಿದ ಸಣ್ಣ ವಿಮಾನಗಳಿಗೆ ಇದು ಬರೋಕೆ ತಡವಾಯಿತು. ಮುಂದಿನ ಸೀಟಿಗೆ ಭುಜದ ಪಟ್ಟಿ ಇರಲೇಬೇಕು ಅಂತ ಅಮೆರಿಕದ ನಿಯಮ ಹೇಳಿದ್ದು 1978ರ ಜುಲೈ ನಂತರ ತಯಾರಾದ ವಿಮಾನಗಳಿಗೆ. ಸೀಟನ್ನು ಮನುಷ್ಯನ ಗೊಂಬೆ ಕೂರಿಸಿ 26 ಜಿ ತನಕ ಬಡಿದು ಪರೀಕ್ಷೆ ಮಾಡಬೇಕು ಅನ್ನೋ ನಿಯಮ ಬಂದದ್ದು 1988ರಲ್ಲಿ. ಡಿಹೇವನ್ ಲೇಖನದಿಂದ ಲೆಕ್ಕ ಹಾಕಿದರೆ 46 ವರ್ಷ.

ಆದರೆ ಈ ಯಾವ ನಿಯಮವೂ ಮುಟ್ಟದ ಒಂದು ಲೋಕ ಇದೆ. ಮನೆಯಲ್ಲೇ ಕಟ್ಟಿಕೊಳ್ಳೋ ವಿಮಾನಗಳ ಲೋಕ. ಹೌದು, ಗ್ಯಾರೇಜಿನಲ್ಲಿ ಕೂತು, ವರ್ಷಗಟ್ಟಲೆ ವಾರಾಂತ್ಯಗಳನ್ನು ಸುರಿದು, ಸ್ವಂತ ವಿಮಾನ ಕಟ್ಟೋರು ಇದ್ದಾರೆ. 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪಾಲ್ ಪೊಬೆರೆಜ್ನಿ ಇಂಥವರ ಒಂದು ಸಂಘ ಶುರುಮಾಡಿದ, ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅಂತ. ಅವರ ಜಾತ್ರೆ ಪ್ರತಿ ಬೇಸಿಗೆ ಓಷ್‌ಕಾಶ್ ಅನ್ನೋ ಊರಲ್ಲಿ ನಡೆಯುತ್ತೆ. ಅಮೆರಿಕದ ಕಾನೂನು ಇವರಿಗೆ ಹೇಳೋದು ಇಷ್ಟು: ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗೋ ಖುಷಿಗೋ ಹವ್ಯಾಸಿಗಳೇ ಮಾಡಿರಬೇಕು, ಮೊದಲು 25ರಿಂದ 40 ಗಂಟೆ ಜನವಸತಿ ಇಲ್ಲದ ಕಡೆ ಹಾರಿಸಿ ತೋರಿಸಬೇಕು, ಇದು ಸುರಕ್ಷತೆಯ ನಿಯಮಗಳಿಗೆ ಒಳಪಟ್ಟ ವಿಮಾನ ಅಲ್ಲ ಅಂತ ಪ್ರಯಾಣಿಕನಿಗೆ ಕಾಣೋ ಹಾಗೆ ಬರೆದು ಅಂಟಿಸಬೇಕು. ಅದಾದ ಮೇಲೆ ಸೀಟು ಎಷ್ಟು ಜಿ ತಡೆಯುತ್ತೆ ಅಂತ ಯಾರೂ ಕೇಳಲ್ಲ. ಡಿಸೈನರ್, ಕಾರ್ಮಿಕ, ಟೆಸ್ಟರ್, ಗ್ರಾಹಕ ಎಲ್ಲ ಅವನೇ.

ಈ ಸ್ವಾತಂತ್ರ್ಯದಲ್ಲಿ ತುಂಬ ಒಳ್ಳೆಯದೂ ಆಗಿದೆ. ಕಂಪನಿಗಳು ಮುಟ್ಟೋಕೆ ಹೆದರಿದ ಐಡಿಯಾಗಳನ್ನು ಇಲ್ಲಿ ಒಬ್ಬೊಬ್ಬರೇ ಪ್ರಯತ್ನಿಸಿದರು. ಆದರೆ ಅವರ ಇತಿಹಾಸ ಓದ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತೆ. ಒಂದು ಅಪಾಯವನ್ನು ತಪ್ಪಿಸೋಕೆ ಮಾಡಿದ ಜಾಣ ಉಪಾಯದೊಳಗೇ ಇನ್ನೊಂದು ಅಪಾಯ ಕೂತಿರುತ್ತೆ.

1930ರ ದಶಕದಲ್ಲಿ ಫ್ರಾನ್ಸಿನ ಆಂರಿ ಮಿನ್ಯೆ ಅನ್ನೋನು ಒಂದು ಪುಟಾಣಿ ವಿಮಾನ ಮಾಡಿದ. ಅದರ ಹೆಸರು 'ಆಕಾಶದ ಹೇನು'. ವೇಗ ಕಮ್ಮಿಯಾಗಿ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳೋದಕ್ಕೆ ಸ್ಟಾಲ್ ಅಂತಾರೆ. ಆಗ ತುಂಬ ಜನರನ್ನು ಕೊಲ್ತಿದ್ದದ್ದು ಅದೇ. ಮಿನ್ಯೆ ಅದು ಆಗದ ಹಾಗೆ ಎರಡು ರೆಕ್ಕೆಯನ್ನು ಹಿಂದೆಮುಂದೆ ಇಟ್ಟ, ಮುಂದಿನದು ಕೀಲಿನ ಮೇಲೆ ಅಲ್ಲಾಡೋ ಹಾಗೆ. ಕಟ್ಟೋ ವಿಧಾನವನ್ನು ಪುಸ್ತಕವಾಗಿ ಬರೆದ. ಫ್ರಾನ್ಸ್, ಇಂಗ್ಲೆಂಡಿನ ಯುವಕರು ಹುಚ್ಚೆದ್ದು ಕಟ್ಟಿದರು. ಆಮೇಲೆ ಸಾವುಗಳು ಶುರುವಾದವು. ಮೂಗು ಒಂದು ಮಟ್ಟಕ್ಕಿಂತ ಕೆಳಗಾದರೆ, ಕಡ್ಡಿಯನ್ನು ಹಿಂದಕ್ಕೆ ಎಳೆದಷ್ಟೂ ವಿಮಾನ ಇನ್ನೂ ಕೆಳಮುಖ ಆಗ್ತಿತ್ತು. ಎರಡು ರೆಕ್ಕೆಯ ನಡುವಿನ ಸಂದಿಯಲ್ಲಿ ನುಗ್ಗೋ ಗಾಳಿ ಹಿಂದಿನ ರೆಕ್ಕೆಯನ್ನು ಮೇಲೆತ್ತೋದೇ ಕಾರಣ ಅಂತ ಗೊತ್ತಾಗಿದ್ದು ಫ್ರಾನ್ಸ್, ಇಂಗ್ಲೆಂಡಿನ ಗಾಳಿ ಸುರಂಗಗಳಲ್ಲಿ ಇಡೀ ವಿಮಾನವನ್ನೇ ಇಟ್ಟು ಪರೀಕ್ಷೆ ಮಾಡಿದ ಮೇಲೆ. ಆಮೇಲೆ ಅದರ ಹಾರಾಟಕ್ಕೆ ತಡೆ ಬಿತ್ತು.

ಸ್ಟಾಲ್ ಸಮಸ್ಯೆಗೆ ಇದಕ್ಕಿಂತ ಎಷ್ಟೋ ಚೆನ್ನಾದ ಉತ್ತರ ಕೊಟ್ಟವನು ಕ್ಯಾಲಿಫೋರ್ನಿಯಾದ ಬರ್ಟ್ ರುಟಾನ್. 1979ರಲ್ಲಿ ಹಾರಿದ ಅವನ ಲಾಂಗ್-ಈಜಿ ವಿಮಾನದಲ್ಲಿ ಎಂಜಿನ್ ಹಿಂದೆ, ಮೂಗಿನ ಹತ್ತಿರ ಕೆನಾರ್ಡ್ ಅನ್ನೋ ಸಣ್ಣ ರೆಕ್ಕೆ. ವೇಗ ಕಮ್ಮಿಯಾದರೆ ಮುಂದಿನ ಸಣ್ಣ ರೆಕ್ಕೆ ಮೊದಲು ಸೋತು ಮೂಗು ತಾನಾಗೇ ತಗ್ಗುತ್ತೆ, ದೊಡ್ಡ ರೆಕ್ಕೆ ಸೋಲೋದೇ ಇಲ್ಲ. ಫೋಮ್ ಕೊರೆದು, ಮೇಲೆ ಗಾಜಿನ ನಾರು ಮತ್ತು ಅಂಟು ಮೆತ್ತಿ ಕಟ್ಟೋದು. ಇದಕ್ಕೂ ನಮಗೂ ಒಂದು ನಂಟಿದೆ. ನಮ್ಮ ಬೆಂಗಳೂರಿನ ಎನ್‌ಎಎಲ್ ಇದೇ ವಿನ್ಯಾಸದ ಮೇಲೆ ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್ ಅಂತ ಒಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. 1993ರಲ್ಲಿ ಮೊದಲು ಹಾರಿದ ಹಂಸ ವಿಮಾನಕ್ಕೂ ಮುಂಚೆ, ನಾರು ಮತ್ತು ಅಂಟಿನ ವಿಮಾನ ಕಟ್ಟೋದರಲ್ಲಿ ನಮ್ಮವರು ಕೈ ಪಳಗಿಸಿಕೊಂಡದ್ದು ಹೀಗೆ.

ಇಂಥದ್ದೇ ಒಂದು ಲಾಂಗ್-ಈಜಿಯಲ್ಲಿ ಹಾಡುಗಾರ ಜಾನ್ ಡೆನ್ವರ್ ಸತ್ತ. 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಅನ್ನೋ ಹಾಡನ್ನು ಕಾಲೇಜು ದಿನಗಳಲ್ಲಿ ಗಿಟಾರ್ ಹಿಡಿದವರೆಲ್ಲ ನುಡಿಸಿರ್ತೀರಿ, ಅದನ್ನು ಹಾಡಿದವನು. 1997ರ ಅಕ್ಟೋಬರ್ 12ರ ಸಂಜೆ, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ. ಅವನಿಗೆ 53 ವರ್ಷ, 2700 ಗಂಟೆಗೂ ಹೆಚ್ಚು ಹಾರಿದ ಅನುಭವ. ವಿಮಾನ ಮಾತ್ರ ಹೊಸದಾಗಿ ಕೈಗೆ ಬಂದಿತ್ತು. ಕಟ್ಟಿದವನು ಬೇರೆ ಯಾರೋ.

ರುಟಾನ್‌ನ ನಕ್ಷೆಯಲ್ಲಿ ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಇಂಧನ ಬದಲಿಸೋ ಹಿಡಿಕೆ ಪೈಲಟ್‌ನ ಕಾಲುಗಳ ನಡುವೆ ಇತ್ತು. ಈ ವಿಮಾನ ಕಟ್ಟಿದವನಿಗೆ ಕೂರೋ ಜಾಗದೊಳಗೆ ಪೆಟ್ರೋಲ್ ಪೈಪು ಬೇಡ ಅನ್ನಿಸಿತ್ತು. ಅಪಘಾತದಲ್ಲಿ ಪೈಪು ಒಡೆದರೆ ಬೆಂಕಿ ತಾನೇ? ಯೋಚನೆ ತಪ್ಪಲ್ಲ. ಅವನು ಹಿಡಿಕೆಯನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟ. ಅದನ್ನು ತಿರುಗಿಸಬೇಕಂದರೆ ಕಡ್ಡಿಯಿಂದ ಬಲಗೈ ಬಿಟ್ಟು, ಸೊಂಟದಿಂದ ಮೇಲೆ ಹಿಂದಕ್ಕೆ ತಿರುಗಿ, ಎಡ ಭುಜದ ಮೇಲಿಂದ ಕೈ ಚಾಚಬೇಕು. ಹಾಗೆ ತಿರುಗೋವಾಗ ಬಲಗಾಲು ತನಗೆ ಗೊತ್ತಿಲ್ಲದೆ ರಡ್ಡರ್ ಪೆಡಲ್ ಒತ್ತುತ್ತೆ. ಹಿಡಿಕೆ ಗಡುಸಾಗಿತ್ತು, ಯಾವ ದಿಕ್ಕು ಯಾವ ಟ್ಯಾಂಕ್ ಅಂತ ಗುರುತೂ ಇರಲಿಲ್ಲ. ಇಂಧನ ಎಷ್ಟಿದೆ ಅಂತ ತೋರಿಸೋ ಗಾಜಿನ ಅಳತೆಗಳೂ ಬೆನ್ನ ಹಿಂದೆ. ಅವತ್ತು ಹೊರಡೋ ಮುಂಚೆ ನೆಲದಲ್ಲಿದ್ದ ಮೆಕ್ಯಾನಿಕ್ ಜೊತೆ ಡೆನ್ವರ್ ಈ ಹಿಡಿಕೆ ಬಗ್ಗೆ ಮಾತಾಡಿದ್ದ, ಇಕ್ಕಳ ಹಾಕಿ ಹಿಡಿಕೆ ಉದ್ದ ಮಾಡೋಕೂ ನೋಡಿದ್ದರು, ಹಿಂದಿನ ಅಳತೆ ನೋಡೋಕೆ ಕನ್ನಡಿಯನ್ನೂ ಕೊಟ್ಟಿದ್ದರು. ಸ್ವಲ್ಪ ಹೊತ್ತಿನ ಹಾರಾಟ ತಾನೇ ಅಂತ ಇಂಧನ ತುಂಬಿಸಲಿಲ್ಲ. ಹೊರಟು ಕಾಲು ಗಂಟೆ ಆಗಿರಬೇಕು, ಸುಮಾರು 500 ಅಡಿ ಎತ್ತರದಿಂದ ವಿಮಾನ ಮೂಗು ಕೆಳಗಾಗಿ ಸಮುದ್ರಕ್ಕೆ ಬಿತ್ತು.

ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಹೇಳಿದ್ದು: ಹಿಡಿಕೆ ತಿರುಗಿಸೋ ಪ್ರಯತ್ನದಲ್ಲಿ ಪೈಲಟ್‌ನ ಗಮನ ಹಾರಾಟದಿಂದ ಸರಿಯಿತು, ಬಲ ರಡ್ಡರ್ ಒತ್ತಿಹೋಗಿ ಹಿಡಿತ ತಪ್ಪಿತು. ಹಿಡಿಕೆಯನ್ನು ಕೈಗೆಟುಕದ ಜಾಗದಲ್ಲಿ, ಗುರುತಿಲ್ಲದೆ ಇಟ್ಟದ್ದನ್ನೂ, ಈ ವಿಮಾನಕ್ಕೆ ಬೇಕಾದಷ್ಟು ತರಬೇತಿ ಇಲ್ಲದ್ದನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು.

ಅಂಥ ಏಟಿಗೆ ಯಾವ ಬೆಲ್ಟೂ ನಿಲ್ಲಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ನನ್ನ ಮಟ್ಟಿಗೆ ಇದೂ ಡಿಹೇವನ್‌ನ ಬಕಲ್ಲಿನ ಕಥೆಯೇ. ಬಕಲ್ ಮಾಡಿದವನು ಬೆಲ್ಟ್ ಬಿಚ್ಚಿಕೊಳ್ಳಬಾರದು ಅಂತ ಯೋಚಿಸಿದ, ಅದರ ಹಿಂದೆ ಒಂದು ಹೊಟ್ಟೆ ಇದೆ ಅಂತ ಯೋಚಿಸಲಿಲ್ಲ. ಹಿಡಿಕೆ ಇಟ್ಟವನು ಬೆಂಕಿ ಹತ್ತಬಾರದು ಅಂತ ಯೋಚಿಸಿದ, ಮನುಷ್ಯನ ಕೈ ಎಷ್ಟು ದೂರ ಹೋಗುತ್ತೆ ಅಂತ ಯೋಚಿಸಲಿಲ್ಲ. ಇಬ್ಬರೂ ಕೆಟ್ಟವರಲ್ಲ, ದಡ್ಡರೂ ಅಲ್ಲ. ಯಂತ್ರವನ್ನು ಕೇಂದ್ರದಲ್ಲಿಟ್ಟು ಮನುಷ್ಯನನ್ನು ಉಳಿದ ಜಾಗದಲ್ಲಿ ಕೂರಿಸಿದರು, ಅಷ್ಟೇ.

ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆಯೇ ಒಂದು ದೊಡ್ಡ ಅಧ್ಯಯನ ಮಾಡಿತು. ಆಗ ಅಮೆರಿಕದಲ್ಲಿ ಇಂಥವು ಸುಮಾರು 33 ಸಾವಿರ ಇದ್ದವು, ಸಣ್ಣ ವಿಮಾನಗಳಲ್ಲಿ ಹತ್ತರಲ್ಲಿ ಒಂದು. ಎಂಜಿನ್ ಕೈಕೊಡೋದು, ಹಿಡಿತ ತಪ್ಪೋದು ಇವೇ ಅಪಘಾತದ ಮುಖ್ಯ ಬಗೆಗಳು. ಗಮನಿಸಬೇಕಾದ್ದು ಇನ್ನೊಂದು: ಕಟ್ಟಿದವನಿಂದ ಕೊಂಡವರ ಅಪಘಾತಗಳೂ ಬಹಳ, ಅದರಲ್ಲೂ ಹೊಸ ಮಾಲೀಕನ ಮೊದಲ ಹಾರಾಟದಲ್ಲಿ. ಬೇರೆಯವರು ಬರೆದ, ಡಾಕ್ಯುಮೆಂಟೇಶನ್ ಇಲ್ಲದ ಕೋಡನ್ನು ಮೊದಲ ದಿನವೇ ಪ್ರೊಡಕ್ಷನ್‌ನಲ್ಲಿ ಮುಟ್ಟೋದು ಎಂಥದ್ದು ಅಂತ ನಮಗೆ ಗೊತ್ತು. ನಮ್ಮಲ್ಲಿ ರೋಲ್‌ಬ್ಯಾಕ್ ಇರುತ್ತೆ.

ವಿಮಾನಕ್ಕೆ ರೋಲ್‌ಬ್ಯಾಕ್ ಅನ್ನಬಹುದಾದ್ದನ್ನು ಹುಡುಕಿದವನೂ ಬಿದ್ದು ಬದುಕಿದವನೇ. ಮಿನೆಸೋಟದ ಬೋರಿಸ್ ಪೊಪೊವ್ 1975ರಲ್ಲಿ ಹ್ಯಾಂಗ್ ಗ್ಲೈಡರ್ ಮುರಿದು ಸುಮಾರು 400 ಅಡಿಯಿಂದ ಕೆರೆಗೆ ಬಿದ್ದ. ಬೀಳ್ತಾ ಬೀಳ್ತಾ ಅವನಿಗೆ ಬಂದ ಸಿಟ್ಟು, ಕೈಯಲ್ಲಿ ಮಾಡೋಕೆ ಏನೂ ಇಲ್ಲವಲ್ಲ ಅಂತ. 1980ರಲ್ಲಿ ಬಿಆರ್‌ಎಸ್ ಅನ್ನೋ ಕಂಪನಿ ತೆಗೆದು, ಪೈಲಟ್‌ಗಲ್ಲ, ಇಡೀ ವಿಮಾನಕ್ಕೇ ಪ್ಯಾರಾಚೂಟ್ ಮಾಡಿದ. ಹಿಡಿ ಎಳೆದರೆ ಸಣ್ಣ ರಾಕೆಟ್ ಅದನ್ನು ಹೊರಕ್ಕೆ ಎಳೆದು ಬಿಚ್ಚುತ್ತೆ. ಮೊದಲು ಹಗುರ ವಿಮಾನಗಳಿಗೆ ಬಂತು. ಆಮೇಲೆ ಇದನ್ನು ದೊಡ್ಡದಾಗಿ ನಂಬಿದವರು ಅಲನ್ ಮತ್ತು ಡೇಲ್ ಕ್ಲಾಪ್‌ಮೈಯರ್ ಅಣ್ಣತಮ್ಮ, ಮನೆಯಲ್ಲಿ ಕಟ್ಟೋ ವಿಮಾನದ ಕಿಟ್ ಮಾರಿಕೊಂಡೇ ಸಿರಸ್ ಕಂಪನಿ ಶುರುಮಾಡಿದವರು. ಅಲನ್ 1985ರಲ್ಲಿ ಗಾಳಿಯಲ್ಲಿ ನಡೆದ ಡಿಕ್ಕಿಯಿಂದ ಪಾರಾಗಿದ್ದ. 1998ರಲ್ಲಿ ಪರವಾನಗಿ ಪಡೆದ ಅವರ ಎಸ್‌ಆರ್20 ವಿಮಾನದಲ್ಲಿ ಪ್ಯಾರಾಚೂಟ್ ಮಾಮೂಲು ಸಾಮಾನಾಗಿಯೇ ಬಂತು. 2002ರಲ್ಲಿ ಟೆಕ್ಸಸ್‌ನಲ್ಲಿ ಅವರದೇ ಇನ್ನೊಂದು ಮಾದರಿಯ ವಿಮಾನದ ರೆಕ್ಕೆಯ ಒಂದು ಭಾಗ ಹಾರಾಟದಲ್ಲೇ ಕಳಚಿಕೊಂಡಾಗ ಪೈಲಟ್ ಹಿಡಿ ಎಳೆದು ನಡೆದುಕೊಂಡು ಮನೆಗೆ ಹೋದ. ಆ ಪ್ಯಾರಾಚೂಟಿನಲ್ಲಿ ಇಳಿಯೋದು ಹೂವಿನ ಹಾಗಲ್ಲ. ಹನ್ನೆರಡು ಹದಿಮೂರು ಅಡಿಯಿಂದ ಬಿದ್ದಷ್ಟು ಏಟು. ಅದನ್ನು ನುಂಗೋದು ಚಕ್ರದ ಕಾಲುಗಳು, 26 ಜಿ ಸೀಟು, ಭುಜದ ಪಟ್ಟಿ. ಅಂದರೆ ಕುಂಬಾರನ ಹುಲ್ಲು.

ಇಷ್ಟಾದ ಮೇಲೂ ಮೊದಲ ವರ್ಷಗಳಲ್ಲಿ ಈ ವಿಮಾನಗಳಲ್ಲಿ ಸಾವು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಎಷ್ಟೋ ಅಪಘಾತಗಳಲ್ಲಿ ಪ್ಯಾರಾಚೂಟ್ ಮಡಚಿಟ್ಟ ಹಾಗೇ ಇತ್ತು. ನಾನು ಸಂಭಾಳಿಸ್ತೀನಿ ಅಂತ ಪೈಲಟ್ ಕೊನೆ ತನಕ ಹೆಣಗಾಡಿ, ಎಳೆಯೋ ಎತ್ತರ ದಾಟಿಹೋಗಿತ್ತು. ಆಮೇಲೆ ಮಾಲೀಕರ ಸಂಘ, ಕಂಪನಿ ಇಬ್ಬರೂ ತರಬೇತಿಯನ್ನೇ ಬದಲಾಯಿಸಿದರು. ಹಿಡಿ ಎಳೆಯೋದು ಸೋಲಲ್ಲ, ಬೇಗ ಎಳೀರಿ, ವಿಮಾನ ವಿಮೆಯವರದು ಅಂದುಕೊಳ್ಳಿ ಅಂತ ಕಲಿಸಿದರು. ಪ್ರತಿ ಸಲ ಹೊರಡೋವಾಗ ಹಿಡಿಯ ಮೇಲೆ ಕೈಯಿಟ್ಟು, ಯಾವ ಎತ್ತರದಿಂದ ಎಳೆಯಬಹುದು ಅಂತ ಬಾಯಿಬಿಟ್ಟು ಹೇಳೋ ಅಭ್ಯಾಸ ಮಾಡಿಸಿದರು. ಆಗ ಸಾವು ಇಳೀತು. ಸಾಮಾನು ಅದೇ. ಕೈ ಅದರ ತನಕ ಹೋಗೋದನ್ನು ಕಲಿತದ್ದು ಹೊಸದು.

ಗ್ಯಾರೇಜಿನಲ್ಲಿ ವಿಮಾನ ಕಟ್ಟೋರು ನಮ್ಮಲ್ಲಿ ಎಷ್ಟು ಜನ ಇದ್ದಾರು? ಇದು ದೂರದ ಕಥೆ ಅನ್ನಿಸಬಹುದು. ಆದರೆ ಡಿಹೇವನ್ ತನ್ನ ಬಕಲ್ಲನ್ನು ಮರೆಯಲಿಲ್ಲ. ರೋಜರ್ ಗ್ರಿಸ್ವೋಲ್ಡ್ ಅನ್ನೋನ ಜೊತೆ ಸೇರಿ ಸೊಂಟಕ್ಕೂ ಭುಜಕ್ಕೂ ಒಟ್ಟಿಗೆ ಬರೋ ಮೂರು ಬಿಂದುವಿನ ಬೆಲ್ಟಿಗೆ 1955ರಲ್ಲಿ ಪೇಟೆಂಟ್ ಪಡೆದ. ಅದರಲ್ಲೂ ಬಕಲ್ ಹೊಟ್ಟೆಯ ಮೇಲೇ ಬರ್ತಿತ್ತು. 1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಅದನ್ನು ಸೊಂಟದ ಪಕ್ಕಕ್ಕೆ ಸರಿಸಿ, ಒಂದೇ ಕೈಯಲ್ಲಿ ಹಾಕೋ ಹಾಗೆ ಮಾಡಿದ. ಬೋಲಿನ್ ಅದಕ್ಕೆ ಮುಂಚೆ ವಿಮಾನಗಳಿಗೆ ಎಜೆಕ್ಷನ್ ಸೀಟ್ ಮಾಡ್ತಿದ್ದವನು. ನೀವು ದಿನಾ ಹಾಕೋ ಕಾರಿನ ಬೆಲ್ಟು ಆ ದಾರಿಯಲ್ಲೇ ಬಂದದ್ದು.

ದಿನಾ ಹಾಕ್ತೀರಿ ಅಂದೆ, ಮುಂದಿನ ಸೀಟಿನಲ್ಲಿ. ಬೆಂಗಳೂರಲ್ಲಿ ರಾತ್ರಿ ಹನ್ನೊಂದಕ್ಕೆ ಏರ್‌ಪೋರ್ಟ್ ರಸ್ತೆಯಲ್ಲಿ ಹೋಗೋ ಯಾವುದಾದರೂ ಕ್ಯಾಬಿನ ಹಿಂದಿನ ಸೀಟು ನೋಡಿ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಅನ್ನೋ ನಿಯಮ ನಮ್ಮಲ್ಲೂ ಇದೆ. ಬೆಲ್ಟೂ ಇರುತ್ತೆ. ಸೀಟಿಗೆ ಹೊಸ ಕವರ್ ಹೊಲಿಸಿರ್ತಾರೆ, ಬಕಲ್ ಆ ಕವರಿನ ಕೆಳಗೆ ಹೂತುಹೋಗಿರುತ್ತೆ. ತೆಗೀಬೇಕಂದರೆ ಸೀಟಿನ ಸಂದಿಯೊಳಗೆ ಮೊಣಕೈ ತನಕ ಕೈ ಹಾಕಬೇಕು. ಒಂದು ಸಲ ಪ್ರಯತ್ನ ಮಾಡಿ, ಸಿಗದೆ, ಹೋಗಲಿ ಬಿಡು ಅಂತ ಫೋನ್ ತೆಗೆಯೋದೇ ಹೆಚ್ಚು. ಭುಜದ ಹಿಂದಿನ ಹಿಡಿಕೆಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಿಸಲ್ಲ.

ಕ್ಯಾಬ್ ಹೊರಡೋ ಮುಂಚೆ ಡ್ರೈವರ್‌ಗೆ ಹೇಳಿ ಕವರ್ ಎತ್ತಿಸಿ, ಬಕಲ್ ಹೊರಗೆ ತೆಗೆಸಿ. ಅರ್ಧ ನಿಮಿಷದ ಕೆಲಸ. ನಿಮ್ಮ ನಂತರ ಅದೇ ಸೀಟಲ್ಲಿ ಕೂರೋರಿಗೂ ಅದು ಕೈಗೆ ಸಿಗುತ್ತೆ.